ಗುಲಾಬಿಯ ಗಂಡನಿಗೆ ಒಂದು ಹೂ

ಮುದ್ದುಕೃಷ್ಣನ ಹೆಂಡತಿ ಫೋನಿನಲ್ಲಿ ಅಳಲಿಲ್ಲ. ಒಂದೇ ಒಂದು ಮಾತು ಕೇಳಿದಳು.

"ಬಾಯಮ್ಮ, ಪೆಟ್ಟಿಗೆ ಮುಚ್ಚುವ ಮುಂಚೆ ಅವರ ಎದೆ ಮೇಲೆ ಒಂದು ಹೂ ಇಡಿ. ಹೂ ಬೀಳದೆ ಬಂದ್ರೆ ಊರಿನವ್ರು ದಿಕ್ಕಿಲ್ಲದ ಹೆಣ ಅಂತಾರೆ. ಒಂದು ಸಾಕು. ಬಾಡಿದ್ದಾದ್ರೂ ಆಗ್ತದೆ."

"ಆಗಲಿ ಗುಲಾಬೀ" ಅಂದೆ. ಹೂವಿನ ಕಂಪನಿಯಲ್ಲಿ ದುಡಿಯುವವಳು ಬೇರೇನು ಹೇಳಲಿ? ಫೋನು ಹಿಡಿದು ನಿಂತಿದ್ದ ನನ್ನ ಸುತ್ತ ಆಳೆತ್ತರಕ್ಕೆ ಹೂವಿನ ಬಕೇಟುಗಳು. ಕಾಲ ಕೆಳಗೆ ಕತ್ತರಿಸಿ ಬಿಸಾಡಿದ ದಂಟು, ಎಸಳು. ಒಂದು ಹೂ ಅಂದರೆ ಅದೇನು ದೊಡ್ಡ ಸಂಗತಿ ಅಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ದೋಹಾದ ಹೊರಗೆ, ಅಲ್ ವುಕೈರ್‌ನ ಅಂಚಿನಲ್ಲಿ ನಮ್ಮ ಗೋಡೌನು. ಅದರ ಮುಕ್ಕಾಲು ಪಾಲು ಹೂವಿನ ಕೋಲ್ಡ್ ರೂಮು. ಉಳಿದ ಕಾಲು ಪಾಲಿನಲ್ಲಿ ನಮ್ಮ ಕೆಲಸದ ಮೇಜುಗಳು, ಹಿಂದುಗಡೆ ಮಲಗುವ ಕೋಣೆಗಳು. ಕೋಲ್ಡ್ ರೂಮಿಗೆ ಹೋದರೆ ಹಲ್ಲು ಕಟಕಟ ಅನ್ನುತ್ತದೆ. ನಮ್ಮ ಕೋಣೆಯ ಎಸಿ ಗೂರಲು ಮುದುಕನ ಹಾಗೆ ಕೆಮ್ಮುತ್ತದೆಯೇ ಹೊರತು ತಂಪು ಕೊಡುವುದಿಲ್ಲ. ಜೂನ್ ಬಂತೆಂದರೆ ನಾವು ಹೆಂಗಸರು ಚಾಪೆ ಎಳೆದುಕೊಂಡು ಹೋಗಿ ಕೋಲ್ಡ್ ರೂಮಿನ ಬಾಗಿಲ ಬುಡದಲ್ಲಿ ಬೀಳುತ್ತೇವೆ. ಬಾಗಿಲ ಸಂದಿಯಿಂದ ಸೋರುವ ತಂಪು ನಮ್ಮ ಪಾಲಿನದು. ಅದನ್ನೂ ಮುಚ್ಚಬೇಕು ಅಂತ ಕಂಪನಿಗೆ ಇನ್ನೂ ಹೊಳೆದಿಲ್ಲ, ಪುಣ್ಯ.

ನನ್ನ ಹೆಸರು ಜರ್ಟ್ರೂಡ್. ಶಂಕರಪುರದವಳು. ಉಡುಪಿ ಮಲ್ಲಿಗೆ ಅಂತ ನೀವು ಮುಡಿಯುತ್ತೀರಲ್ಲ, ಅದು ನಮ್ಮ ಅಂಗಳಗಳಲ್ಲಿ ಬೆಳೆದದ್ದು. ಒದ್ದೆ ಬಾಳೆನಾರು ಕೈಗೆ ಸಿಕ್ಕಿದರೆ ನಾನು ಕಣ್ಣು ಮುಚ್ಚಿಕೊಂಡು ಚೆಂಡು ಕಟ್ಟುತ್ತೇನೆ. ಗಂಡ ತೀರಿಹೋದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಬೇಕಿತ್ತು. ಕಂಪನಿಯ ಮಾಲೀಕರು ಡ್ಯಾರೆಲ್ ಸರ್, ನಮ್ಮ ಕಡೆಯವರು. ಸೂಪರ್‌ವೈಸರ್ ಆಂಟನಿ, ಅವನೂ ನಮ್ಮ ಕಡೆಯವನು. ನಮ್ಮೂರವರೇ ಅಂತ ನಂಬಿ ವಿಮಾನ ಹತ್ತಿದೆ. ನಮ್ಮೂರವರ ಕೈಕೆಳಗೆ ದುಡಿಯುವುದರಲ್ಲಿ ಒಂದು ಸುಖವಿದೆ. ಬೈದರೆ ಒಂದು ಶಬ್ದವೂ ಅರ್ಥವಾಗದೆ ಹೋಗುವುದಿಲ್ಲ.

ಮುದ್ದುಕೃಷ್ಣ ಕಟಪಾಡಿಯ ಕಡೆಯವನು, ನಮ್ಮ ಹೂವಿನ ಗಾಡಿಯ ಡ್ರೈವರ್. ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆಯೇ ನನ್ನನ್ನು ಬಾಯಮ್ಮ ಅಂತ ಕರೆಯುತ್ತಿದ್ದ. ಕಂಪನಿ ಕೊಡುವ ತಂತಿಯಲ್ಲಿ ಚುಚ್ಚಿದರೆ ಮಲ್ಲಿಗೆ ಅರ್ಧ ಗಂಟೆಯಲ್ಲಿ ಕಂದಿಹೋಗುತ್ತದೆ. ದೋಹಾದಲ್ಲಿ ಬಾಳೆನಾರು ಎಲ್ಲಿಂದ ತರುವುದು? ಅವನೇ ಒಂದು ದಿನ ರಸ್ತೆ ಬದಿಯಲ್ಲಿ ಬಿದ್ದಿದ್ದ ಖರ್ಜೂರದ ಗರಿ ಹೊತ್ತು ತಂದ. "ಸೀಳಿ ನೀರಲ್ಲಿ ಹಾಕಿ ನೋಡಿ ಬಾಯಮ್ಮ, ನಾರಿನ ಹಾಗೆ ಬಗ್ಗುತ್ತಾ ಅಂತ." ಬಗ್ಗಿತು. ಅಲ್ಲಿಂದ ನಮ್ಮ ಮೇಜಿಗೆ ಗರಿ ತರುವುದು ಅವನ ಕೆಲಸವಾಯಿತು. ಅದಕ್ಕೆ ಯಾರೂ ಅವನಿಗೆ ಥ್ಯಾಂಕ್ಸ್ ಹೇಳಿದ್ದು ನಾನು ಕಾಣೆ.

ಈ ವರ್ಷ ಕಂಪನಿಗೆ ಬೆಳ್ಳಿಹಬ್ಬ. ದೊಡ್ಡ ಹೋಟೆಲಿನಲ್ಲಿ ಪಾರ್ಟಿ. ಬರೀ ಪಾರ್ಟಿ ಮಾಡಿದರೆ ಡ್ಯಾರೆಲ್ ಸರ್ ಅವರ ಘನತೆಗೆ ಸಾಲದಲ್ಲ, ಅದಕ್ಕೆ ‘ಫೇರೋ ಸಂಜೆ’ ಅಂತ ಹೆಸರಿಟ್ಟರು. ಹಳೆಯ ಈಜಿಪ್ಟಿನ ರಾಜರು ಹೇಗೆ ಹೂವಿನಲ್ಲಿ ಮುಳುಗಿ ಹಬ್ಬ ಮಾಡುತ್ತಿದ್ದರೋ ಹಾಗೇ ಮಾಡಬೇಕು. ಬಂದವರೆಲ್ಲರ ಕೊರಳಿಗೂ ಹೂವಿನ ಪಟ್ಟಿ, ಕೈಯಲ್ಲಿ ನೀಲಿ ನೈದಿಲೆ, ವೇದಿಕೆಯ ನಡುವೆ ಪ್ಲಾಸ್ಟರಿನ ಮಮ್ಮಿ, ಅದರ ಮೇಲೆ ಪದರ ಪದರ ಹಾರ. ಹೇಗೆ ಕಟ್ಟುವುದು ಅಂತ ತೋರಿಸಲು ಕೈರೋದಿಂದ ನೆರ್ಮೀನ್ ಅಂತ ಒಬ್ಬ ಡಿಸೈನರನ್ನು ಕರೆಸಿದ್ದರು. ಮೂವತ್ತೈದರ ಹೆಂಗಸು. ನಿಧಾನವಾಗಿ, ನಮಗೆ ತಿಳಿಯುವ ಹಾಗೆ ಇಂಗ್ಲಿಷ್ ಮಾತಾಡುತ್ತಿದ್ದಳು.

ಖರ್ಜೂರದ ಗರಿ ನೋಡಿ ಅವಳು ಹಿಗ್ಗಿಹೋದಳು. ಫೇರೋಗಳ ಕಾಲದ ಮಾಲೆಗಾರರೂ ಗರಿಯ ಸೀಳಿನ ಮೇಲೇ ಹಾರ ಹೊಲಿಯುತ್ತಿದ್ದರಂತೆ. ಸೀಳಿನ ಮೇಲೆ ಆಲಿವ್ ಎಲೆ ಮಡಚಿ, ಮಡಿಕೆಯೊಳಗೆ ನೈದಿಲೆಯ ಎಸಳು ಸಿಕ್ಕಿಸಿ, ಇನ್ನೊಂದು ತೆಳು ಸೀಳಿನಿಂದ ಹೊಲಿಗೆ. ಒಂದು ಸಾಲು ಮುಗಿದರೆ ಅದರ ಕೆಳಗೆ ಇನ್ನೊಂದು. ಕೊನೆಗೆ ಅರ್ಧಚಂದ್ರದ ಹಾಗೆ ಅಗಲದ ಪಟ್ಟಿ. ಕೈಗೆ ಹತ್ತಿದ್ದು ತಡವಾಗಲಿಲ್ಲ. ಹೂ ಕಟ್ಟುವವರ ಬೆರಳು ಎಲ್ಲ ಕಾಲಕ್ಕೂ ಒಂದೇ ತರ ಇರಬೇಕು.

ಹೊಲಿಯುತ್ತಾ ಅವಳು ಹೇಳುತ್ತಿದ್ದಳು. ಆ ಜನರಿಗೆ ಹೂವಿಲ್ಲದೆ ಏನೂ ನಡೆಯುತ್ತಿರಲಿಲ್ಲವಂತೆ. ದೇವರಿಗೆ ರಾಶಿ ರಾಶಿ ಹೂ. ಮನೆಯ ಹಿಂದೆ ಕೊಳ ತೋಡಿ ನೈದಿಲೆ ಬೆಳೆಸುತ್ತಿದ್ದರು. ಅತಿಥಿ ಬಂದರೆ ಮೊದಲು ಕೊರಳಿಗೆ ಹೂ, ಆಮೇಲೆ ಊಟ. ಗೋಡೆಯ ಚಿತ್ರಗಳಲ್ಲಿ ಹೆಂಗಸರು ಒಬ್ಬರ ಮೂಗಿಗೆ ಇನ್ನೊಬ್ಬರು ನೈದಿಲೆ ಹಿಡಿದಿರುತ್ತಾರೆ. ನೈದಿಲೆ ಬೆಳಗ್ಗೆ ಅರಳಿ ಮಧ್ಯಾಹ್ನದ ಮೇಲೆ ಮುಚ್ಚಿಕೊಂಡು ಮರುದಿನ ಮತ್ತೆ ಅರಳುತ್ತದಲ್ಲ, ಹಾಗೆಯೇ ಸತ್ತವರೂ ಮತ್ತೆ ಏಳುತ್ತಾರೆ ಅಂತ ಅವರ ನಂಬಿಕೆ. ಹೂಗುಚ್ಛಕ್ಕೂ ಜೀವಕ್ಕೂ ಅವರ ಭಾಷೆಯಲ್ಲಿ ಒಂದೇ ಶಬ್ದವಂತೆ, ಆಂಖ್.

"ಮೂಸಿದ ಹೂ ಅವರ ದೇವರಿಗೆ ಆಗ್ತದಾ?" ಅಂತ ನನ್ನ ಪಕ್ಕದ ಮಟಿಲ್ಡಾ ಕೇಳಿದಳು. ಮಟಿಲ್ಡಾ ನನಗಿಂತ ಚಿಕ್ಕವಳು, ಬೆಳ್ಮಣ್ಣಿನವಳು.

ಗರಿಯ ಕಟ್ಟು ಇಳಿಸಲು ಬಂದ ಮುದ್ದುಕೃಷ್ಣ ಎಲ್ಲ ಕೇಳಿಸಿಕೊಂಡು ನಿಂತಿದ್ದ. ನಾನು ಅವನಿಗೆ ಅರ್ಥ ಬಿಡಿಸಿ ಹೇಳಿದೆ. ಅವನು ತಲೆ ಕೆರೆದುಕೊಂಡ. "ಹಾಗಾದ್ರೆ ಬಾಯಮ್ಮ, ನಾನು ದಿನಾ ಗಾಡಿಗೆ ಜೀವ ಲೋಡ್ ಮಾಡುದಾ? ಸಂಬಳ ಜಾಸ್ತಿ ಕೇಳ್ಬೇಕಲ್ಲ ಮಾರಾಯ್ರೇ!"

ಎಲ್ಲರೂ ನಕ್ಕೆವು. ಆಂಟನಿ ಮಾತ್ರ ನಗಲಿಲ್ಲ. ಅವರಿಬ್ಬರ ನಡುವೆ ಅದಕ್ಕೂ ಹಿಂದೆ ಒಂದು ಜಗಳ ನಡೆದಿತ್ತು. ಗಾಡಿಯ ಹಿಂದಿನ ಪೆಟ್ಟಿಗೆ ಹೂವಿಗಾಗಿ ತಂಪಾಗಿರುತ್ತದೆ. ಮುಂದೆ ಡ್ರೈವರ್ ಕೂರುವಲ್ಲಿ ಎಸಿ ಪಾಸ್ಖಾ ಹಬ್ಬದ ಹೊತ್ತಿಗೇ, ಅಂದರೆ ಈಸ್ಟರಿಗೇ, ಕೆಟ್ಟಿತ್ತು. ಸರಿ ಮಾಡಿಸಿ ಅಂದಾಗೆಲ್ಲ ಆಂಟನಿ "ಬುಕ್ರಾ, ಬುಕ್ರಾ" ಅನ್ನುತ್ತಿದ್ದ, ನಾಳೆ ಅಂತ. ಒಂದು ಮಧ್ಯಾಹ್ನ ತಡೆಯಲಾರದೆ ಮುದ್ದುಕೃಷ್ಣ ಹಿಂದಿನ ಪೆಟ್ಟಿಗೆಗೆ ಹತ್ತಿ ಹೂವಿನ ನಡುವೆ ಕೂತಿದ್ದ. ಬಾಗಿಲು ತೆಗೆದರೆ ಆಂಟನಿಯ ಮೊಬೈಲಿಗೆ ತಿಳಿಯುತ್ತದೆ. ಎಲ್ಲರ ಎದುರು ನಿಲ್ಲಿಸಿ ಕೂಗಾಡಿದ.

"ಹೂವಿನ ಪೆಟ್ಟಿಗೆಯಲ್ಲಿ ಕೂತು ಗಾಳಿ ತಿನ್ಲಿಕ್ಕೆ ನೀನೇನು ಗುಲಾಬಿಯಾ?"

"ನಾನಲ್ಲ ಸರ್, ನನ್ನ ಹೆಂಡ್ತಿ ಗುಲಾಬಿ" ಅಂದಿದ್ದ ಮುದ್ದುಕೃಷ್ಣ. ನಗು ತಡೆಯಲಾಗದೆ ನಾವೆಲ್ಲ ಮೇಜಿನ ಕೆಳಗೆ ಬಗ್ಗಿದ್ದೆವು. ನಕ್ಕದ್ದು ಅವನಿಗೇ ಮುಳುವಾಯಿತು. ಇನ್ನೊಮ್ಮೆ ಬಾಗಿಲು ತೆಗೆದರೆ ಊರಿಗೆ ಟಿಕೆಟ್ ಅಂದ ಆಂಟನಿ.

ನೈದಿಲೆ ಬೆಳೆಯುವುದು ಅಲ್ ಖೋರ್ ಕಡೆಯ ಒಂದು ಫಾರ್ಮಿನ ಗಾಜಿನ ಮನೆಯೊಳಗಿನ ಕೊಳದಲ್ಲಿ. ಹೋಟೆಲಿನವರಿಗೆ ಮೊದಲೇ ಮಾದರಿ ತೋರಿಸಬೇಕು, ಅರಳಿದ್ದಾಗಲೇ ತೋರಿಸಬೇಕು ಅಂತ ಮುದ್ದುಕೃಷ್ಣನನ್ನು ಬೆಳಗ್ಗೆಯೇ ಓಡಿಸಿದರು. ಅವನು ಹೂ ತಂದು ಹೋಟೆಲಿನ ಹಿಂದಿನ ಗೇಟಿನಲ್ಲಿ ಗಾಡಿ ನಿಲ್ಲಿಸಿದ. ಒಳಗೆ ಬಿಡಲು ಪಾಸ್ ಬೇಕು. ಪಾಸ್ ಕಳಿಸಬೇಕಾದ ಆಂಟನಿ ನಮ್ಮ ಮೇಜಿನ ಹತ್ತಿರ ನಿಂತು ರಿಬ್ಬನಿನ ಬಣ್ಣ ಆರಿಸುತ್ತಿದ್ದ. ಫೋನು ಬಂತು. ಕೈಯಲ್ಲಿ ರಿಬ್ಬನ್ ಇತ್ತಲ್ಲ, ಸ್ಪೀಕರಿಗೆ ಹಾಕಿದ.

"ಸರ್, ತಲೆ ತಿರುಗ್ತಾ ಉಂಟು. ಹಿಂದೆ ಒಂಚೂರು ಕೂತ್ಕೊಳ್ಲಾ?"

"ಬಾಗಿಲು ತೆಗಿಬೇಡ ಮಾರಾಯ. ಬಿಸಿ ಹೊಡೆದ್ರೆ ನೈದಿಲೆ ಮುಚ್ಚಿಹೋಗ್ತದೆ. ಈಗ ಪಾಸ್ ಬರ್ತದೆ, ತಡ್ಕೋ."

"ಕೆಳಗೆ ಇಳಿಯುವಾ ಅಂದ್ರೆ ನೆರಳಿಲ್ಲ ಸರ್."

"ತಡ್ಕೋ ಅಂದೆ ಅಲ್ವಾ?"

ಮುದ್ದುಕೃಷ್ಣ ತಡೆದುಕೊಂಡ. ಹೇಳಿದ ಮಾತು ಕೇಳುವ ಜಾತಿ ಅದು, ಹಾಳಾದ್ದು. ಪಾಸ್ ಹೋಗಿ ಗೇಟು ತೆರೆದಾಗ ಗಾಡಿ ಕದಲಲಿಲ್ಲ. ಗೇಟಿನ ಕಾವಲುಗಾರ ಹೋಗಿ ನೋಡಿದರೆ ಇವನು ಸ್ಟೇರಿಂಗಿನ ಮೇಲೆ ತಲೆ ಇಟ್ಟಿದ್ದ. ಕಾವಲುಗಾರ ಆಂಟನಿಗೆ ಫೋನು ಮಾಡಿ ಹೇಳಿದ. ಆಂಟನಿ ಕೇಳಿದ ಮೊದಲ ಮಾತು ನನ್ನ ಈ ಎರಡು ಕಿವಿಗಳಲ್ಲಿ ಇನ್ನೂ ಇದೆ. "ಹಿಂದೆ ಹೂ ಹೇಗುಂಟು?"

ಹೂ ಚೆನ್ನಾಗಿತ್ತು. ಒಂದು ಎಸಳೂ ಬಾಡಿರಲಿಲ್ಲ. ಮುದ್ದುಕೃಷ್ಣನನ್ನು ಆಂಬುಲೆನ್ಸಿಗೆ ಹತ್ತಿಸುತ್ತಿದ್ದ ಹೊತ್ತಿಗೇ ನೈದಿಲೆಯನ್ನು ಇನ್ನೊಂದು ಗಾಡಿಗೆ ಹತ್ತಿಸಿದರು. ಹೋಟೆಲಿನವರು ಮೆಚ್ಚಿಕೊಂಡರಂತೆ. ಇವನು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದ. ಹಾರ್ಟು ನಿಂತು ಸಹಜ ಸಾವು ಅಂತ ಆಂಟನಿ ನಮಗೆಲ್ಲ ತಿಳಿಸಿದ. ಹಾರ್ಟು ನಿಲ್ಲದೆ ಯಾರು ಸಾಯುತ್ತಾರೆ? ನಿಲ್ಲಿಸಿದ್ದು ಯಾರು ಅಂತ ಅಲ್ಲವೇ ಕೇಳಬೇಕಾದದ್ದು.

ಆ ಸಂಜೆಯೇ ಗುಲಾಬಿ ಫೋನು ಮಾಡಿದ್ದು. ಮರುದಿನ ನಾನು ಆಂಟನಿಯ ಕ್ಯಾಬಿನ್ನಿಗೆ ಹೋದೆ.

"ಒಂದು ಚೆಂಡು ಮಲ್ಲಿಗೆ ಕೊಡಿ ಸರ್. ಮುದ್ದುಕೃಷ್ಣನಿಗೆ."

"ಸ್ಟಾಕೆಲ್ಲ ಫಂಕ್ಷನ್ನಿಗೆ ಬುಕ್ ಆಗಿದೆ ಬಾಯಿ."

"ಒಂದು ಹೂ ಕೊಡಿ."

"ಒಬ್ಬನಿಗೆ ಕೊಟ್ರೆ ನಾಳೆ ಎಲ್ರೂ ಕೇಳ್ತಾರೆ."

"ನಾಳೆ ಎಲ್ರೂ ಸಾಯ್ಲಿಕ್ಕುಂಟಾ?"

ಅವನು ಕುರ್ಚಿ ಹಿಂದಕ್ಕೆ ತಳ್ಳಿದ. ಬಾಗಿಲು ಹಾಕಿ ಬಂದು ದನಿ ತಗ್ಗಿಸಿದ. ಆಂಟನಿ ದನಿ ತಗ್ಗಿಸಿದರೆ ಕೆಟ್ಟದ್ದು ಬರುತ್ತದೆ ಅಂತಲೇ ಲೆಕ್ಕ.

"ನೋಡಿ ಬಾಯಿ, ಹೆಡ್ಡಾಫೀಸಿನವರು ಬಂದು ಕೇಳ್ತಾರೆ. ಅವನಿಗೆ ಮುಂಚೆಯಿಂದ ಎದೆನೋವು ಇತ್ತು, ನಮ್ಮತ್ರ ಹೇಳ್ತಿದ್ದ ಅಂತ ಹೇಳಿಬಿಡಿ. ನೀವು ಸೀನಿಯರ್, ನಿಮ್ಮ ಮಾತಿಗೆ ತೂಕ ಉಂಟು. ಒಂದು ಚೆಂಡು ಯಾಕೆ, ನಾಲ್ಕು ಚೆಂಡಿನ ಅಟ್ಟೆಯೇ ಕೊಡ್ತೇನೆ. ಗಾಡಿಯಲ್ಲಿ ನಿಮ್ಮನ್ನು ಶವಾಗಾರಕ್ಕೂ ಕಳಿಸ್ತೇನೆ."

"ಎದೆನೋವಿನ ಮಾತು ನಾನು ಕೇಳ್ಲಿಲ್ಲ. ತಲೆ ತಿರುಗ್ತದೆ, ಹಿಂದೆ ಕೂತ್ಕೊಳ್ಲಾ ಅಂತ ನಿಮ್ಮತ್ರ ಕೇಳಿದ್ದನ್ನು ಕೇಳಿದ್ದೇನೆ."

"ಅದು ನೀವು ಕೇಳ್ಲಿಲ್ಲ."

"ಕೇಳಿದ್ದೇನೆ."

"ಹಾಗಾದ್ರೆ ಹೂವೂ ಇಲ್ಲ. ಖಲಾಸ್."

ಹೊರಗೆ ಬಂದು ಮೇಜಿನವರಿಗೆ ಎಲ್ಲ ಹೇಳಿದೆ. ಎದೆನೋವು ಇತ್ತು ಅಂತಲೇ ಹೇಳಿಬಿಡಿ ಅಂದಳು ಮಟಿಲ್ಡಾ. "ಸತ್ತವನು ತಿರುಗಿ ಬರ್ತಾನಾ ಬಾಯೀ? ಅವನ ಹೆಂಡ್ತಿ ಕೇಳಿದ್ದು ಹೂ, ಸತ್ಯ ಅಲ್ಲ." ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಕಷ್ಟವಾಯಿತು. ಆದರೆ ಗುಲಾಬಿಯ ಗಂಡನನ್ನು ಕೊಂದವರ ಪರ ಮಾತಾಡಿ ಅದರ ಕೂಲಿಯಾಗಿ ಸಿಕ್ಕ ಹೂವನ್ನು ಅವನ ಎದೆ ಮೇಲೆ ಇಡುವುದು ಹೇಗೆ? ಕೈ ಬರಬೇಕಲ್ಲ! ಕಡೆಗೆ ಆಂಟನಿಗೆ ನನ್ನ ಮಾತು ಬೇಕಾಗಲೂ ಇಲ್ಲ. ಲೋಡಿಂಗ್ ಕಡೆಯ ಇಬ್ಬರು ಎದೆನೋವು ಇತ್ತು ಅಂದರು. ಅವರನ್ನು ಬೈಯಲಾರೆ. ಅವರಿಗೂ ಊರಲ್ಲಿ ಹೆಂಡತಿ ಮಕ್ಕಳಿದ್ದಾರೆ.

ಕದಿಯೋಣ ಅಂದರೆ ಅದೂ ಆಗುವ ಮಾತಲ್ಲ. ನಮ್ಮ ಗೇಟಿನಲ್ಲಿ ಹೋಗುವಾಗ ಚೀಲ, ಸೆರಗು, ದುಪಟ್ಟಾ ಎಲ್ಲ ಬಿಡಿಸಿ ನೋಡುತ್ತಾರೆ. ಉಳಿದ ಹೂ, ಉದುರಿದ ಎಸಳು ಎಲ್ಲ ಯಂತ್ರಕ್ಕೆ ಹೋಗುತ್ತದೆ, ನುಚ್ಚಾಗಿ ಹೊರಗೆ ಬರುತ್ತದೆ. ನಾವು ಹೊರಗೆ ಮಾರಬಾರದಲ್ಲ, ಅದಕ್ಕೆ. ಬೀದಿಯಲ್ಲಿ ಹೂ ಕೊಳ್ಳೋಣ ಅಂದರೆ ಆ ವಾರ ನಮಗೆ ರಜೆಯಿಲ್ಲ, ಹೊರಗೆ ಕಾಲಿಡಲು ಬಿಡಲಿಲ್ಲ. ಉಳ್ಳಾಲದ ಲತೀಫಾಕನಿಗೆ ಫೋನು ಮಾಡಿದೆ. ಅಬ್ದುಲ್ ಲತೀಫ್ ಅಂತ, ಕಿರಾಣಿ ಅಂಗಡಿ ಇಟ್ಟುಕೊಂಡವರು. ಊರಿನವರು ಯಾರು ಸತ್ತರೂ ಪೆಟ್ಟಿಗೆ ವಿಮಾನ ಹತ್ತುವವರೆಗೆ ಓಡಾಡುವ ಮನುಷ್ಯ.

"ಪೆಟ್ಟಿಗೆ ಯಾವಾಗ ಮುಚ್ತಾರೆ ಲತೀಫಾಕ?"

"ಶುಕ್ರವಾರ ಸಂಜೆ. ಅಸರ್ ನಮಾಜಿನ ನಂತರ. ನೀವು ಬರುದಾದ್ರೆ ಅದಕ್ಕೆ ಮುಂಚೆ ಬನ್ನಿ ಬಾಯಮ್ಮ. ಮತ್ತೆ ನೋಡ್ಲಿಕ್ಕೆ ಸಿಗ್ಲಿಕ್ಕಿಲ್ಲ."

ಶುಕ್ರವಾರ ಸಂಜೆಯೇ ಪಾರ್ಟಿ.

ಆ ದಿನ ಬೆಳಗ್ಗೆ ನಾವು ಡ್ಯಾರೆಲ್ ಸರ್ ಕೊರಳಿನ ಪಟ್ಟಿ ಹೊಲಿಯಲು ಕೂತೆವು. ಬೇರೆಯವರದಕ್ಕಿಂತ ಅಗಲ, ಐದು ಸಾಲು. ನೈದಿಲೆ, ನೀಲಿ ಕಾರ್ನ್ ಫ್ಲವರ್, ಆಲಿವ್ ಎಲೆ. ಅದರ ಮಾದರಿ ಎಲ್ಲಿಂದ ಸಿಕ್ಕಿತು ಅಂತ ನೆರ್ಮೀನಳನ್ನು ಕೇಳಿದೆ.

ಹರೆಯದಲ್ಲೇ ಸತ್ತ ಒಬ್ಬ ರಾಜನ ಗೋರಿಯ ಹತ್ತಿರ ಸಿಕ್ಕಿತಂತೆ. ರಾಜನ ಶವಕ್ಕೂ ಪದರ ಪದರವಾಗಿ ಹಾರ ಹಾಕಿದ್ದರಂತೆ. ಆದರೆ ಈ ಪಟ್ಟಿ ರಾಜನದಲ್ಲ. "ಅವನನ್ನು ಹೂಳಿದ ದಿನ ಬಂದವರೆಲ್ಲ ಒಟ್ಟಿಗೆ ಊಟ ಮಾಡಿದ್ದರು ಅಂತ ಹೇಳುತ್ತಾರೆ. ಊಟಕ್ಕೆ ಕೂತವರ ಕೊರಳಲ್ಲಿ ಇಂಥ ಪಟ್ಟಿಗಳಿದ್ದವು. ಊಟ ಮುಗಿದ ಮೇಲೆ ಎಲೆ, ಎಲುಬು, ಒಡೆದ ಪಾತ್ರೆ, ಪಟ್ಟಿಗಳು, ಎಲ್ಲವನ್ನೂ ಮಡಕೆಗಳಲ್ಲಿ ತುಂಬಿ ಮುಚ್ಚಿಟ್ಟರು. ಹೂ ಇನ್ನೂ ಹಾಗೇ ಇದೆ, ಒಣಗಿಕೊಂಡು."

ಮಟಿಲ್ಡಾ ಸೂಜಿ ಕೆಳಗಿಟ್ಟಳು. "ಅಯ್ಯೋ ಜೆಜು! ಅದು ಬೊಜ್ಜದ ಊಟ ಅಲ್ವಾ? ಡ್ಯಾರೆಲ್ ಸರ್ ಬೊಜ್ಜದ ಹಾರ ಹಾಕ್ಕೊಂಡು ಬೆಳ್ಳಿಹಬ್ಬ ಮಾಡುದಾ?"

ಸತ್ತವರ ಹೆಸರಿನಲ್ಲಿ ಊರಿಗೆ ಹಾಕುವ ಊಟಕ್ಕೆ ತುಳುವರು ಬೊಜ್ಜ ಅನ್ನುತ್ತಾರೆ. ನೆರ್ಮೀನಳಿಗೆ ಅದು ಅರ್ಥವಾಗಲಿಲ್ಲ. ನನಗೆ ನಗು ಬರಲಿಲ್ಲ. ನಾನು ಇನ್ನೊಂದು ಕೇಳಿದೆ. "ಮೇಡಂ, ಆ ಹಾರಗಳನ್ನು ಹೊಲಿದವರು ಸತ್ತರೆ? ಅವರಿಗೆ ಯಾರು ಹೂ ಹಾಕುತ್ತಿದ್ದರು?"

ಅವಳು ಹೊಲಿಗೆ ನಿಲ್ಲಿಸಿದಳು. "ಬಡವರನ್ನು ಚಾಪೆಯಲ್ಲಿ ಸುತ್ತಿ ಮರಳಿನಲ್ಲಿ ಹೂಳುತ್ತಿದ್ದರು. ಯಾರಾದರೂ ಒಂದು ಕಡ್ಡಿ, ಒಂದು ಹೂ ಇಟ್ಟಿರಬಹುದು. ಮನೆಯವರು ಅಂತ ಇರುತ್ತಾರಲ್ಲ."

"ನಮಗೂ ಒಂದು ಬೇಕು ಮೇಡಂ. ನಮ್ಮ ಡ್ರೈವರಿಗೆ."

"ಹೂ ನನ್ನದಲ್ಲ ಸಿಸ್ಟರ್" ಅಂದಳು. "ನನ್ನ ವೀಸಾ ಕೂಡ ಅವರದೇ." ಮುಖ ಆಚೆ ತಿರುಗಿಸಿ ಕಾರ್ನ್ ಫ್ಲವರ್ ಆರಿಸತೊಡಗಿದಳು. ಕೆಟ್ಟವಳಲ್ಲ ಅವಳು. ಕೆಟ್ಟವಳಾಗಿದ್ದರೆ ಬೈದು ಹಗುರಾಗಬಹುದಿತ್ತು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಪಟ್ಟಿಗಳನ್ನೂ ಡಬ್ಬಿಗಳಿಗೆ ತುಂಬಿ, ಸೀಲು ಹಾಕಿ, ಗಾಡಿಯ ಹಿಂದೆ ಏರಿಸಿದರು. ಡ್ಯಾರೆಲ್ ಸರ್ ಪಟ್ಟಿ ಯಾವ ಡಬ್ಬಿಗೂ ಹಿಡಿಸಲಿಲ್ಲ. ಮಡಚಿದರೆ ಹೊಲಿಗೆ ಬಿಡುತ್ತದೆ. ಹೋಟೆಲಿನಲ್ಲಿ ಗಡಿಬಿಡಿಯಲ್ಲಿದ್ದ ಆಂಟನಿ ಫೋನಿನಲ್ಲೇ ಹುಕುಂ ಕೊಟ್ಟ. "ಬಾಯೀ, ನೀವೇ ತೊಡೆ ಮೇಲೆ ಇಟ್ಕೊಂಡು ಮುಂದೆ ಕೂತು ಬನ್ನಿ. ಎಸಿ ಫುಲ್ ಹಾಕ್ಲಿಕ್ಕೆ ಹೇಳಿ." ಹೌದು, ಮುಂದಿನ ಎಸಿ ರಿಪೇರಿಯಾಗಿತ್ತು. ಮುದ್ದುಕೃಷ್ಣ ಸತ್ತ ಎರಡನೇ ದಿನವೇ ಮೆಕ್ಯಾನಿಕ್ ಬಂದಿದ್ದ. ಪಾರ್ಟಿಯ ದಿನ ಮತ್ತೆ ಡ್ರೈವರಿಗೆ ಏನಾದರೂ ಆದರೆ ಹೂವಿನ ಗತಿ ಏನು ಅಂತ.

ಹೊಸ ಡ್ರೈವರ್ ಅಮೀರ್, ಬಂಟ್ವಾಳದ ಹುಡುಗ. ಗೇಟು ದಾಟಿದ ಮೇಲೆ ನಾನು ಹೇಳಿದೆ. "ಅಮೀರ್, ದಾರಿಯಲ್ಲಿ ಶವಾಗಾರಕ್ಕೆ ಗಾಡಿ ತಿರುಗಿಸು ಮಗಾ."

ಅವನು ನನ್ನ ತೊಡೆಯ ಮೇಲಿದ್ದ ಪಟ್ಟಿ ನೋಡಿದ. ಗಾಡಿ ತಿರುಗಿಸಿದ.

ಲತೀಫಾಕ ಬಾಗಿಲಲ್ಲೇ ಕಾಯುತ್ತಿದ್ದರು. ಒಳಗೆ ಕರೆದುಕೊಂಡು ಹೋದರು. ಮುದ್ದುಕೃಷ್ಣನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ತುಟಿಯ ಅಂಚು ಒಡೆದಿತ್ತು. ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗಿದ್ದ. ಅವನಿಗೆ ಕೊನೆಗೂ ತಂಪು ಸಿಕ್ಕಿತ್ತು. ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಎದೆಯ ಮೇಲೆ ಹರಡಿದೆ. ಹೆಗಲಿನಿಂದ ಹೆಗಲಿಗೆ ಸರಿಯಾಗಿ ಕೂತಿತು.

ನಾನು ನಮ್ಮ ‘ಆಮ್ಚ್ಯಾ ಬಾಪಾ’ ಪ್ರಾರ್ಥನೆ ಹೇಳಿದೆ. ಲತೀಫಾಕನೂ ಅಮೀರನೂ ಅಂಗೈ ಬಿಚ್ಚಿ ನಿಂತು ಏನೋ ಪಠಿಸಿದರು. ಆಮೇಲೆ ಅಮೀರ್ ಮೆಲ್ಲಗೆ ಹೇಳಿದ. "ಬಾಯಮ್ಮ, ಅವ್ರಲ್ಲಿ ಗೋವಿಂದ ಅಂತಾರಲ್ವಾ? ಅವ್ರ ಕಡೆಯವ್ರು ಯಾರೂ ಇಲ್ಲ ಇಲ್ಲಿ."

ಮೂವರೂ ಸೇರಿ ಗೋವಿಂದ ಅಂದೆವು. ಮೂವರಿಗೂ ಅಭ್ಯಾಸವಿಲ್ಲದ ಶಬ್ದ. ದನಿ ಒಂದಕ್ಕೊಂದು ಸೇರಲಿಲ್ಲ.

ಅಷ್ಟರಲ್ಲಿ ಅಲ್ಲಿನ ನೇಪಾಳಿ ಕೆಲಸಗಾರ ಬಂದ. ಹೂ ನೋಡಿ ತಲೆಯಾಡಿಸಿದ. ಲತೀಫಾಕ ಅವನ ಹತ್ತಿರ ಹಿಂದಿಯಲ್ಲಿ ಬಹಳ ಹೊತ್ತು ಬೇಡಿಕೊಂಡರು. ಅವನೂ ಕೈ ಮುಗಿದ. ತಿರುಗಿ ಬಂದ ಲತೀಫಾಕನ ಮುಖ ಇಳಿದಿತ್ತು.

"ಪೆಟ್ಟಿಗೆಯೊಳಗೆ ಹೂ, ಎಲೆ ಎಂತದ್ದೂ ಹಾಕ್ಲಿಕ್ಕೆ ಬಿಡುದಿಲ್ಲ ಬಾಯಮ್ಮ. ರೂಲು. ಇದ್ರೆ ಪೆಟ್ಟಿಗೆ ವಿಮಾನಕ್ಕೆ ಹತ್ತುದಿಲ್ಲ."

"ಒಂದು ಎಸಳು?"

"ಮಾಫಿ. ಒಂದೂ ಇಲ್ಲ."

ಹಾಕಿದ ಕೈಯಲ್ಲೇ ತೆಗೆದೆ. ಪಟ್ಟಿಯ ಕೆಳಗಿನ ಸಾಲು ಅವನ ಮೈಯ ತೇವಕ್ಕೆ ಅಂಟಿತ್ತು. ಬಿಡಿಸಿಕೊಂಡೆ. ದೇವರೇ, ಇಂಥ ಕೆಲಸ ಶತ್ರುವಿಗೂ ಬೇಡ.

ಗಾಡಿಯಲ್ಲಿ ಕೂತ ಮೇಲೆ ಗುಲಾಬಿಯ ಫೋನು ಬಂತು.

"ಹೂ ಹಾಕಿದ್ರಾ ಬಾಯಮ್ಮ?"

"ಹಾಕಿದೆ. ಎದೆ ತುಂಬ ಹಾಕಿದೆ."

"ಮಲ್ಲಿಗೆಯಾ?"

"ನೈದಿಲೆ."

"ನೈದಿಲೆಯಾ?" ಅಷ್ಟು ದಿನ ತಡೆದಿದ್ದ ಅಳು ಆಗ ಕೇಳಿಸಿತು. "ಆ ಮರಳುಗಾಡಲ್ಲಿ ನೈದಿಲೆ ಎಲ್ಲಿ ಸಿಕ್ತು? ಯಾರು ತಂದು ಕೊಟ್ರು?"

ಸಿಗ್ನಲ್ ಇಲ್ಲ ಅಂತ ಫೋನು ಇಟ್ಟುಬಿಟ್ಟೆ.

ಅಮೀರ್ ಗಾಡಿ ಹೊರಡಿಸಲಿಲ್ಲ. ಪಟ್ಟಿಯ ಕಡೆ ನೋಡುತ್ತಿದ್ದ. "ಇನ್ನು ಇದನ್ನು ಎಂತ ಮಾಡುದು ಬಾಯಮ್ಮ? ಹೆಣದ ಮೇಲಿನ ಹೂ. ಬದುಕಿದವರು ಹಾಕುವ ಹಾಗಿಲ್ಲ ಅಲ್ವಾ?"

ನಮ್ಮ ಊರಿನಲ್ಲಿ ಯಾವ ಧರ್ಮದವರೂ ಹಾಕುವುದಿಲ್ಲ. ಹೆಣದ ಮೇಲೆ ಬಿದ್ದ ಹೂ ಹೆಣದ ಸಂಗಡವೇ ಹೋಗಬೇಕು. ಗೊತ್ತಿಲ್ಲದೆ ಮುಟ್ಟಿದರೂ ಮಿಂದು ಬರುತ್ತಾರೆ. ಡ್ಯಾರೆಲ್ ಸರ್ ಕೂಡ ಅದೇ ಊರಿನಲ್ಲಿ ಹುಟ್ಟಿದವರು, ಅವರಿಗೂ ಇದು ಗೊತ್ತು. ಬಿಸಾಡಿದರೆ ಅಮೀರನ ಕೆಲಸ ಹೋಗುತ್ತದೆ, ನನ್ನದೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳುತ್ತೇನೆ, ಆ ಹೊತ್ತಿಗೆ ನನ್ನೊಳಗೆ ಒಂದು ಸಿಟ್ಟು ಎದ್ದು ಕೂತಿತ್ತು. ಬೇರೆ ಏನೂ ಮಾಡಲಾಗದವಳ ಸಿಟ್ಟು.

"ನಡಿ ಹೋಟೆಲಿಗೆ" ಅಂದೆ.

"ಪಾಪ ಆಗ್ಲಿಕ್ಕಿಲ್ವಾ?"

"ಆಗ್ಲಿ."

ಹೋಟೆಲಿನ ಆ ಹಾಲ್ ನೋಡಿದರೆ ಬಾಯಿ ಕಟ್ಟಿಹೋಗಬೇಕು. ಕಂಬ ಕಂಬಕ್ಕೂ ಹೂ. ಬಂದವರ ಕೊರಳಲ್ಲೆಲ್ಲ ನಾವು ಹೊಲಿದ ಪಟ್ಟಿಗಳು. ಹೆಂಗಸರು ಒಬ್ಬರ ಮೂಗಿಗೆ ಒಬ್ಬರು ಸಂಜೆಗೆ ಮುಚ್ಚದ ಹಾಗೆ ಬುಡಕ್ಕೆ ಮೇಣ ಬಿಟ್ಟ ನೈದಿಲೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಪ್ಲಾಸ್ಟರಿನ ಮಮ್ಮಿಯ ಮೇಲೆ ಎಷ್ಟು ಹೂ ಹೇರಿದ್ದರೆಂದರೆ ಅದರ ಮುಖವೇ ಕಾಣುತ್ತಿರಲಿಲ್ಲ. ಯಾರೂ ಹುಟ್ಟಿರಲಿಲ್ಲ, ಯಾರೂ ಸತ್ತಿರಲಿಲ್ಲ, ಆ ಬೊಂಬೆಗೆ ಅಷ್ಟು ಹೂ.

ಡ್ಯಾರೆಲ್ ಸರ್ ಮೈಕು ಹಿಡಿದು ಇಂಗ್ಲಿಷಿನಲ್ಲಿ, ಕೊಂಕಣಿಯಲ್ಲಿ, ಕನ್ನಡದಲ್ಲಿ ಮಾತಾಡಿದರು. "ನಮ್ಮದು ಕಂಪನಿ ಅಲ್ಲ, ಒಂದು ಫ್ಯಾಮಿಲಿ. ಇಲ್ಲಿ ಓನರ್, ಲೇಬರ್ ಅಂತ ಇಲ್ಲ." ಚಪ್ಪಾಳೆ. "ಅದಕ್ಕೇ ಈ ಹಾರವನ್ನು ನಮ್ಮ ಸೀನಿಯರ್ ಸ್ಟಾಫ್ ಒಬ್ಬರ ಕೈಯಿಂದಲೇ ಹಾಕಿಸಿಕೊಳ್ತೇನೆ."

ಆಂಟನಿ ನನ್ನನ್ನು ಮೆಟ್ಟಿಲು ಹತ್ತಿಸಿದ. "ನಗಾಡಿ ಬಾಯೀ, ನಗಾಡಿ. ವಿಡಿಯೋ ಉಂಟು."

ಡ್ಯಾರೆಲ್ ಸರ್ ತಲೆ ಬಗ್ಗಿಸಿದರು. ಪಟ್ಟಿ ಹಾಕಿದೆ. ಅವರ ಹೆಗಲಿಗೂ ಸರಿಯಾಗಿ ಕೂತಿತು. ಹಿಂದೆ ದಾರ ಕಟ್ಟುವ ನೆಪದಲ್ಲಿ ಬಾಯಿ ಅವರ ಕಿವಿಯ ಹತ್ತಿರ ತಂದೆ. ಅರ್ಥವಾಗಲಿಲ್ಲ ಅನ್ನಬಾರದು ಅಂತ ಕೊಂಕಣಿಯಲ್ಲೇ ಹೇಳಿದೆ. ನಿಧಾನವಾಗಿ, ಒಂದೊಂದೇ ಶಬ್ದ.

"ಸರ್, ಈ ಹಾರ ಈಗಷ್ಟೇ ಮುದ್ದುಕೃಷ್ಣನ ಹೆಣದ ಮೇಲಿಂದ ತೆಗೆದದ್ದು."

ಅವರು ಹಾರ ಕಿತ್ತು ಎಸೆಯುತ್ತಾರೆ ಅಂದುಕೊಂಡೆ. ಕಿರುಚುತ್ತಾರೆ, ನನ್ನ ಕೆನ್ನೆಗೆ ಹೊಡೆಯುತ್ತಾರೆ, ಪೊಲೀಸರನ್ನು ಕರೆಸುತ್ತಾರೆ. ಎಲ್ಲದಕ್ಕೂ ತಯಾರಾಗಿದ್ದೆ. ಅಷ್ಟಾದರೂ ಆದರೆ ಆ ಹಾಲಿನಲ್ಲಿ ಅವನ ಹೆಸರು ಎಲ್ಲರಿಗೂ ಕೇಳುತ್ತದಲ್ಲ!

ಡ್ಯಾರೆಲ್ ಸರ್ ಕ್ಯಾಮರಾ ಕಡೆ ನಗುತ್ತಲೇ ಇದ್ದರು. ಫ್ಲ್ಯಾಶ್ ಹೊಡೆದು ಮುಗಿದ ಮೇಲೆ ನನ್ನ ಕಡೆ ಸ್ವಲ್ಪ ವಾಲಿದರು.

"ಯಾರ ಮೇಲಿಂದ?"

"ಮುದ್ದುಕೃಷ್ಣ, ಸರ್."

"ಯಾರದು ಮುದ್ದುಕೃಷ್ಣ?"

ನಾಟಕ ಆಡುತ್ತಿದ್ದಾರೆ ಅಂತ ಮುಖ ನೋಡಿದೆ. ಮತ್ತೆ ನೋಡಿದೆ. ನಿಜಕ್ಕೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಯಾರೋ ಕೈ ಕುಲುಕಲು ಬಂದರು, ಅವರು ಆ ಕಡೆ ತಿರುಗಿದರು.

ಆಂಟನಿ ನನ್ನ ಮೊಣಕೈ ಹಿಡಿದು ಮೆಟ್ಟಿಲು ಇಳಿಸಿದ. ಅವನ ಮುಖದಲ್ಲಿ ಹೊಟ್ಟೆಕಿಚ್ಚು ಎದ್ದು ಕಾಣುತ್ತಿತ್ತು.

"ಸರ್ ನಿಮ್ಮತ್ರ ಎಂತದೋ ಕೇಳಿದ್ರಲ್ಲ. ಎಂತ ಕೇಳಿದ್ದು?"

"ಹೆಸರು ಕೇಳಿದ್ರು" ಅಂದೆ.

"ಹೌದಾ!" ಅಂದ ಆಂಟನಿ. "ನಾನು ಹದಿನಾಲ್ಕು ವರ್ಷದಿಂದ ಇದ್ದೇನೆ ಬಾಯೀ, ನನ್ನದು ಇನ್ನೂ ಕೇಳ್ಲಿಲ್ಲ. ನಿಮ್ಮ ಅದೃಷ್ಟ."